ಮಲೆನಾಡಿನ ದಾರಿಗೆಂದು ಹಾಕಿಸಿದ ಹೆಚ್ಚುವರಿ ದೀಪಗಳು ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಸುತ್ತಮುತ್ತ ದೂರದ ಪ್ರಯಾಣಕ್ಕೆಂದು ಸಜ್ಜುಗೊಳಿಸಿದ ಜೀಪುಗಳಲ್ಲಿ ಹೆಚ್ಚುವರಿ ದೀಪಗಳಿಲ್ಲದವು ಕಡಿಮೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಕವಿಯುವ ಮಂಜು, ಬಿಸಿಲೆ ಕಾಡಿನ ನಡುವಿನ ಕಿರಿದಾದ ತಿರುವುಗಳು, ಆಲೂರು–ಸಕಲೇಶಪುರದ ಕಡೆ ಕತ್ತಲಲ್ಲಿ ತೋಟದಿಂದ ತೋಟಕ್ಕೆ ದಾಟುವ ಆನೆಗಳು, ಇವನ್ನೆಲ್ಲ ಕಂಡವರಿಗೆ ಕಾರ್ಖಾನೆಯಿಂದ ಬಂದ ಹೆಡ್‌ಲೈಟ್ ಸಾಲದು ಎನ್ನಿಸುವುದು ಸಹಜ. ಹಾಗೆಂದು ದೀಪ ಹಾಕಿಸಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ದೀಪ ಮಂಕಾಗುವುದು, ಇನ್ನೊಂದು ಮಿಣುಕುವುದು, ಫ್ಯೂಸ್ ಪದೇ ಪದೇ ಸುಡುವುದು ಕೂಡ ಅಷ್ಟೇ ಸಾಮಾನ್ಯವಾಗಿದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಹೊಸ ದೀಪ ಕೊಳ್ಳುವುದು. ಹೊಸ ದೀಪವೂ ಕೆಲವೇ ವಾರಗಳಲ್ಲಿ ಹಳೆಯದರಂತೆಯೇ ವರ್ತಿಸತೊಡಗುತ್ತದೆ. ಏಕೆಂದರೆ ಹೆಚ್ಚುವರಿ ದೀಪಗಳ ತೊಂದರೆಗಳಲ್ಲಿ ಬಹುಪಾಲು ದೀಪದೊಳಗೆ ಇರುವುದಿಲ್ಲ. ಬ್ಯಾಟರಿಯಿಂದ ದೀಪಕ್ಕೆ ಹೋಗಿ ಮರಳಿ ಬರುವ ದಾರಿಯಲ್ಲಿ, ಅಂದರೆ ಅರ್ತಿಂಗ್‌ನಲ್ಲಿ, ಜೋಡಣೆಗಳಲ್ಲಿ, ರಿಲೇಗೆ (ಸಣ್ಣ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿಗೆ) ಆಜ್ಞೆ ಕೊಡುವ ವೈರಿನಲ್ಲಿ ಇರುತ್ತವೆ. ಆ ದಾರಿಯನ್ನು ಕ್ರಮವಾಗಿ ಅಳೆಯದೆ ಭಾಗಗಳನ್ನು ಬದಲಿಸುತ್ತ ಹೋಗುವುದು ಹಣಕ್ಕೂ ಸಮಯಕ್ಕೂ ನಷ್ಟ.

ಇಲ್ಲಿ ವಿವರಿಸುತ್ತಿರುವುದು 12 ವೋಲ್ಟ್ ವಾಹನದಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆ: ಬ್ಯಾಟರಿಯ ಧನ ತುದಿಯಿಂದ ಹೊರಟ ದಪ್ಪ ವೈರು ಒಂದು ಫ್ಯೂಸ್ ದಾಟಿ ರಿಲೇಯ 30ನೇ ಕಾಲಿಗೆ ಸೇರುತ್ತದೆ, 87ನೇ ಕಾಲಿನಿಂದ ದೀಪಗಳಿಗೆ ಹೋಗುತ್ತದೆ, ದೀಪದಿಂದ ವಾಹನದ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ (ಈ ಮರಳುವ ದಾರಿಯೇ ಅರ್ತ್). ರಿಲೇಯೊಳಗಿನ ಸುರುಳಿಗೆ 85 ಮತ್ತು 86ನೇ ಕಾಲುಗಳಲ್ಲಿ ಸಣ್ಣ ವಿದ್ಯುತ್ ಕೊಟ್ಟಾಗ ದೊಡ್ಡ ವಿದ್ಯುತ್ತಿನ ದಾರಿ ತೆರೆಯುತ್ತದೆ. ಹೀಗೆ ಎರಡು ಬೇರೆ ಬೇರೆ ಸರ್ಕ್ಯೂಟ್‌ಗಳಿವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕೆಲಸವೆಲ್ಲ ಸರಳವಾಗುತ್ತದೆ.

ಪರೀಕ್ಷೆಗೆ ಮೊದಲು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್‌ಗೆ ಹೋಲ್ಡರ್ ಮತ್ತು ಎರಡು ವೈರು ಜೋಡಿಸಿ ಮಾಡಿದ ಟೆಸ್ಟ್ ಲ್ಯಾಂಪ್, ನಾಲ್ಕೈದು ಮೀಟರ್ ಉದ್ದದ ಒಂದು ಒಳ್ಳೆಯ ವೈರು, ಮರಳು ಕಾಗದ, ಇಷ್ಟಿದ್ದರೆ ಸಾಕು. ಟೆಸ್ಟ್ ಲ್ಯಾಂಪನ್ನು ಏರ್‌ಬ್ಯಾಗ್‌ನ ಹಳದಿ ವೈರುಗಳಿಗಾಗಲಿ ಕಂಪ್ಯೂಟರ್ ನಿಯಂತ್ರಿತ ಸಿಗ್ನಲ್ ವೈರುಗಳಿಗಾಗಲಿ ಎಂದೂ ಮುಟ್ಟಿಸಬಾರದು. ಅದು ಎಳೆಯುವ ಸುಮಾರು 2 ಆಂಪಿಯರ್ ವಿದ್ಯುತ್ತನ್ನು ಆ ಭಾಗಗಳು ತಾಳಲಾರವು.

ಮೊದಲು ಬ್ಯಾಟರಿಯನ್ನೇ ಅಳೆಯಬೇಕು. ರಾತ್ರಿಯಿಡೀ ನಿಂತ ವಾಹನದಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಖಾಲಿಯಾಗಿದೆ. ಇಂಜಿನ್ ಚಾಲೂ ಮಾಡಿ ಹೆಡ್‌ಲೈಟ್ ಹಾಕಿದಾಗ 13.8ರಿಂದ 14.5ರ ನಡುವೆ ಇರಬೇಕು. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಅಗತ್ಯ, ಏಕೆಂದರೆ ಮುಂದಿನ ಎಲ್ಲ ಅಳತೆಗಳನ್ನೂ ಇವುಗಳೊಂದಿಗೇ ಹೋಲಿಸಬೇಕಾಗುತ್ತದೆ. ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡದ ವಾಹನದಲ್ಲಿ ದೀಪದ ವೈರಿಂಗ್ ಬಿಚ್ಚಿ ಕೂರುವುದರಿಂದ ಏನೂ ಸಿಗುವುದಿಲ್ಲ.

ದೀಪ ಹತ್ತುವುದೇ ಇಲ್ಲ

ಸ್ವಿಚ್ ಒತ್ತಿದಾಗ ರಿಲೇಯಿಂದ ‘ಟಕ್’ ಎಂಬ ಸದ್ದು ಬರುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಬಾನೆಟ್ ತೆಗೆದು ರಿಲೇಯ ಮೇಲೆ ಬೆರಳಿಟ್ಟರೆ ಕಿವಿಗೆ ಕೇಳದಿದ್ದರೂ ಬೆರಳಿಗೆ ತಿಳಿಯುತ್ತದೆ. ಸದ್ದು ಬಂದರೆ ಆಜ್ಞೆ ಕೊಡುವ ಸರ್ಕ್ಯೂಟ್ ಸರಿಯಾಗಿದೆ, ದೋಷ ದಪ್ಪ ವೈರಿನ ಕಡೆ ಇದೆ. ಸದ್ದು ಬಾರದಿದ್ದರೆ ದಪ್ಪ ವೈರನ್ನು ಮುಟ್ಟುವ ಅಗತ್ಯ ಸದ್ಯಕ್ಕಿಲ್ಲ. 86ನೇ ಕಾಲಿಗೆ 12 ವೋಲ್ಟ್ ಬರುತ್ತಿದೆಯೇ, 85ನೇ ಕಾಲು ನಿಜವಾಗಿ ಅರ್ತ್ ಆಗಿದೆಯೇ ಎಂದು ನೋಡಬೇಕು. ಎರಡೂ ಸರಿಯಿದ್ದು ರಿಲೇ ಮೌನವಾಗಿದ್ದರೆ ಅದನ್ನು ಕಳಚಿ 85 ಮತ್ತು 86ರ ನಡುವೆ ರೋಧ ಅಳೆಯಬೇಕು: ಸಾಮಾನ್ಯ ರಿಲೇಗಳಲ್ಲಿ ಅದು 70ರಿಂದ 100 ಓಮ್ ಆಸುಪಾಸಿನಲ್ಲಿರುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ.

ಸದ್ದು ಬಂದೂ ದೀಪ ಹತ್ತದಿದ್ದರೆ ರಿಲೇಯನ್ನು ಹೊರತೆಗೆದು, ಸಾಕೆಟ್‌ನಲ್ಲಿ 30 ಮತ್ತು 87ನೇ ಜಾಗಗಳನ್ನು ಫ್ಯೂಸ್ ಇರುವ ತುಂಡು ವೈರಿನಿಂದ ಸೇರಿಸಬೇಕು. ದೀಪ ಹತ್ತಿದರೆ ರಿಲೇಯೊಳಗಿನ ಸ್ಪರ್ಶಬಿಂದುಗಳು ಸುಟ್ಟಿವೆ. ಹತ್ತದಿದ್ದರೆ ಫ್ಯೂಸ್, ದೀಪದ ಕನೆಕ್ಟರ್, ಅರ್ತ್ ಈ ಮೂರರಲ್ಲಿ ಒಂದು. ಫ್ಯೂಸನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಬಾರದು. ಅದರ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಲ್ಲೂ ಬ್ಯಾಟರಿಯ ವೋಲ್ಟೇಜ್ ಸಿಗುತ್ತದೆಯೇ ಎಂದು ಅಳೆಯಬೇಕು. ಇಲ್ಲಿಯ ತೇವದಲ್ಲಿ ಫ್ಯೂಸ್ ಚೆನ್ನಾಗಿದ್ದು ಅದರ ಹೋಲ್ಡರ್‌ನ ಹಿಡಿತವೇ ಹಸಿರುಗಟ್ಟಿ ಹೋಗಿರುವುದನ್ನು ಬಹಳ ನೋಡುತ್ತೇವೆ.

ದೀಪ ಹತ್ತುತ್ತದೆ, ಆದರೆ ಮಂಕು

ಎಲ್ಲಕ್ಕಿಂತ ಹೆಚ್ಚಾಗಿ ಬರುವ ದೂರು ಇದು, ತಪ್ಪು ತೀರ್ಮಾನಗಳು ಹೆಚ್ಚಾಗಿ ಹುಟ್ಟುವುದೂ ಇಲ್ಲಿಯೇ. ದೀಪದ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸುತ್ತದೆ. ವೈರಿಂಗ್ ಸರಿಯಿದೆ, ದೀಪವೇ ಕೆಟ್ಟಿದೆ ಎಂದು ನಿರ್ಧಾರವಾಗಿಬಿಡುತ್ತದೆ. ಕಾಫಿ ಹೂಮಳೆಗೆಂದು ಸ್ಪ್ರಿಂಕ್ಲರ್ ಹಾಕುವವರಿಗೆ ಈ ತಪ್ಪು ಬೇಗ ಅರ್ಥವಾಗುತ್ತದೆ: ತುದಿಯ ವಾಲ್ವ್ ಮುಚ್ಚಿದ್ದಾಗ ಪೈಪಿನೊಳಗೆ ಅರ್ಧ ಕೆಸರು ತುಂಬಿದ್ದರೂ ಒತ್ತಡದ ಮಾಪಕ ಪೂರ್ತಿ ಒತ್ತಡವನ್ನೇ ತೋರಿಸುತ್ತದೆ, ನೀರು ಹರಿಯತೊಡಗಿದಾಗ ಮಾತ್ರ ಅದು ಬೀಳುತ್ತದೆ. ಮಲ್ಟಿಮೀಟರ್ ಎಳೆಯುವ ವಿದ್ಯುತ್ ಇಲ್ಲವೆನ್ನುವಷ್ಟು ಕಡಿಮೆ; ಒಂದೇ ಒಂದು ತಾಮ್ರದ ಎಳೆ ಉಳಿದ ವೈರಿನಲ್ಲೂ ಅದು ಪೂರ್ತಿ ವೋಲ್ಟೇಜ್ ಕಾಣುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ, ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲಿಯೇ, ಅದರ ಹಿಂಬದಿಯಿಂದ ಸೂಜಿಮೊನೆಯ ಪ್ರೋಬ್ ತೂರಿಸಿ ಅಳೆಯಬೇಕು.

ಅಳೆಯುವ ಕ್ರಮ ಹೀಗೆ. ಇಂಜಿನ್ ಚಾಲೂ ಇಟ್ಟು ದೀಪ ಹಾಕಿ, ಮಲ್ಟಿಮೀಟರ್‌ನ ಒಂದು ಮೊನೆಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ದೀಪದ ಧನ ವೈರಿಗೂ ಹಿಡಿಯಬೇಕು. ಆಗ ಕಾಣುವ ಅಂಕಿ ಧನ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಹಾಗೆಯೇ ಬ್ಯಾಟರಿಯ ಋಣ ತುದಿಗೂ ದೀಪದ ಋಣ ವೈರಿಗೂ ಹಿಡಿದರೆ ಅರ್ತ್ ದಾರಿಯ ನಷ್ಟ ತಿಳಿಯುತ್ತದೆ. ಅರ್ತ್ ಕಡೆ 0.1ರಿಂದ 0.2 ವೋಲ್ಟ್, ಎರಡೂ ಸೇರಿ 0.5 ವೋಲ್ಟ್ ಮೀರಬಾರದು ಎಂಬ ಮಿತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಸಡಿಲ ಮಿತಿ ಹಾಲೋಜನ್ ದೀಪಗಳಿಗೆ ಸಲ್ಲದು. ಹಾಲೋಜನ್ ಬಲ್ಬ್‌ಗೆ ಸಿಗುವ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಶೇ. 30ರ ಆಸುಪಾಸು ಇಳಿಯುತ್ತದೆ. ಅಂದರೆ 1.3 ವೋಲ್ಟ್ ನಷ್ಟವಾದ ಜೋಡಣೆಯಲ್ಲಿ ನೀವು ಕೊಂಡ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ನಿಮಗೆ ಸಿಗುವುದೇ ಇಲ್ಲ.

ನಷ್ಟ ಧನ ಕಡೆ ಹೆಚ್ಚಿದ್ದರೆ ಒಂದೊಂದೇ ಹಂತ ಹಿಂದೆ ಬರಬೇಕು: ರಿಲೇಯ 87ರಿಂದ ದೀಪದವರೆಗೆ ಎಷ್ಟು, 30 ಮತ್ತು 87ರ ನಡುವೆ ಎಷ್ಟು, ಫ್ಯೂಸಿನ ಎರಡು ಬದಿಗಳ ನಡುವೆ ಎಷ್ಟು. ಯಾವ ತುಂಡಿನಲ್ಲಿ ಅಂಕಿ ಒಮ್ಮೆಲೇ ಏರುತ್ತದೆಯೋ ದೋಷ ಅಲ್ಲಿದೆ. ನಷ್ಟ ಎಲ್ಲೂ ಒಂದೆಡೆ ಏರದೆ ವೈರಿನುದ್ದಕ್ಕೂ ಹರಡಿಕೊಂಡಿದ್ದರೆ ವೈರೇ ತೆಳುವಾಯಿತು. 55 ವ್ಯಾಟ್‌ನ ಎರಡು ಹಾಲೋಜನ್ ದೀಪಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. 1 ಚದರ ಮಿಲಿಮೀಟರ್ ತಾಮ್ರದ ವೈರು ಮೀಟರಿಗೆ ಸುಮಾರು 17 ಮಿಲಿಓಮ್ ರೋಧ ಒಡ್ಡುವುದರಿಂದ 4 ಮೀಟರ್ ದೂರಕ್ಕೆ 0.6 ವೋಲ್ಟ್ ಅಲ್ಲಿಯೇ ಮುಗಿಯುತ್ತದೆ. ಅದೇ ದೂರಕ್ಕೆ 2.5 ಚದರ ಮಿಲಿಮೀಟರ್ ವೈರು ಹಾಕಿದರೆ ನಷ್ಟ 0.25 ವೋಲ್ಟ್‌ಗೆ ಇಳಿಯುತ್ತದೆ. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಹೊರಗಿನ ಪ್ಲಾಸ್ಟಿಕ್ ದಪ್ಪವಾಗಿದ್ದು ಒಳಗಿನ ತಾಮ್ರ ತೆಳ್ಳಗಿರುತ್ತದೆ, ಕೆಲವದರಲ್ಲಿ ತಾಮ್ರದ ಲೇಪನ ಮಾಡಿದ ಅಲ್ಯುಮಿನಿಯಂ ಇರುತ್ತದೆ. ತುದಿಯನ್ನು ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಆ ಕಿಟ್ಟನ್ನು ನಮ್ಮ ಹವೆಯಲ್ಲಿ ಬಳಸದಿರುವುದೇ ಲೇಸು.

ನಷ್ಟ ಅರ್ತ್ ಕಡೆ ಇದ್ದರೆ, ಮತ್ತು ಮಲೆನಾಡಿನ ವಾಹನಗಳಲ್ಲಿ ಹೆಚ್ಚಾಗಿ ಇರುವುದು ಅಲ್ಲೇ, ಕೆಲಸ ಸುಲಭ. ದೀಪದ ಋಣ ವೈರಿನಿಂದ ನೇರವಾಗಿ ಬ್ಯಾಟರಿಯ ಋಣ ತುದಿಗೆ ಆ ಉದ್ದದ ಒಳ್ಳೆಯ ವೈರನ್ನು ಹಿಡಿದು ನೋಡಿ. ದೀಪ ತಟ್ಟನೆ ಪ್ರಖರವಾದರೆ ಬೇರೆ ಪುರಾವೆ ಬೇಕಿಲ್ಲ. ದೀಪವನ್ನು ಕೂರಿಸಿದ ಬ್ರಾಕೆಟ್ ಬಣ್ಣ ಬಳಿದದ್ದು, ಬಂಪರ್ ಬಣ್ಣ ಬಳಿದದ್ದು, ನಡುವೆ ರಬ್ಬರ್ ಬುಷ್ ಇದ್ದರೂ ಇರಬಹುದು. ಹೀಗಿರುವಾಗ ಬೋಲ್ಟಿನ ದಾರವೊಂದರ ಮೂಲಕವೇ ವಿದ್ಯುತ್ ಮರಳಬೇಕಾಗುತ್ತದೆ. ಕೆಮ್ಮಣ್ಣು ಮೆತ್ತಿ, ಮಳೆ ನೆನೆದು, ಬೋಲ್ಟ್ ತುಕ್ಕು ಹಿಡಿದ ಮೇಲೆ ಅಲ್ಲಿ 0.1 ಓಮ್ ರೋಧ ಹುಟ್ಟಿದರೂ 9 ಆಂಪಿಯರ್‌ಗೆ 0.9 ವೋಲ್ಟ್ ನಷ್ಟ, 8 ವ್ಯಾಟ್ ಶಾಖ. ಕಡೂರು, ಅರಸೀಕೆರೆಯ ಒಣ ಬಯಲಿನಲ್ಲಿ ಹಲವು ವರ್ಷ ತಡೆಯಬಹುದಾದ ಇಂಥ ಜೋಡಣೆ ಮೂಡಿಗೆರೆಯ ಮಳೆಯಲ್ಲಿ ಬೇಗ ಸೋಲುತ್ತದೆ. ಸರಿಯಾದ ಪರಿಹಾರವೆಂದರೆ ಎರಡೂ ದೀಪಗಳ ಋಣ ವೈರುಗಳನ್ನು ಧನ ವೈರಿನಷ್ಟೇ ದಪ್ಪದ ವೈರಿನಲ್ಲಿ ತಂದು, ಚಾಸಿಯ ಮೇಲೆ ಬಣ್ಣ ಕೆರೆದು ಹೊಳೆಯುವ ಲೋಹ ಕಾಣುವ ಜಾಗದಲ್ಲಿ ರಿಂಗ್ ಲಗ್ ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ನಂತರ ಮೇಲಿನಿಂದ ಗ್ರೀಸ್ ಅಥವಾ ಬಣ್ಣ ಬಳಿಯುವುದು. ಹೊಸ ವಾಹನಗಳಲ್ಲಿ ಬ್ಯಾಟರಿಯ ಋಣ ತುದಿಯ ಮೇಲೆಯೇ ಸಣ್ಣ ಸೆನ್ಸರ್ ಕೂತಿರುತ್ತದೆ. ಅಂಥಲ್ಲಿ ಅರ್ತ್ ವೈರನ್ನು ನೇರವಾಗಿ ಆ ತುದಿಗೆ ಕಟ್ಟಬಾರದು, ಸೆನ್ಸರ್‌ನ ಆಚೆಗಿನ ಚಾಸಿಗೇ ಕಟ್ಟಬೇಕು. ಇಲ್ಲದಿದ್ದರೆ ದೀಪಗಳು ಎಳೆಯುವ ವಿದ್ಯುತ್ತಿನ ಲೆಕ್ಕ ವಾಹನಕ್ಕೆ ಸಿಗದೆ ಚಾರ್ಜಿಂಗ್ ಏರುಪೇರಾಗುತ್ತದೆ.

ಎಲ್‌ಇಡಿ ದೀಪಗಳ ವಿಷಯದಲ್ಲಿ ಈ ಪರೀಕ್ಷೆಯ ಫಲ ಸ್ವಲ್ಪ ಬೇರೆ. ಒಳ್ಳೆಯ ಎಲ್‌ಇಡಿ ದೀಪದೊಳಗೆ ವಿದ್ಯುತ್ತನ್ನು ನಿಯಂತ್ರಿಸುವ ಡ್ರೈವರ್ ಇರುವುದರಿಂದ 1 ವೋಲ್ಟ್ ಕಡಿಮೆಯಾದರೂ ಬೆಳಕು ಇಳಿಯುವುದಿಲ್ಲ. ಕೊರತೆ ತುಂಬಿಸಲು ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ, ಹೆಚ್ಚು ಆಂಪಿಯರ್ ಆ ಕೆಟ್ಟ ಜೋಡಣೆಯನ್ನು ಇನ್ನಷ್ಟು ಕಾಯಿಸುತ್ತದೆ. ಹೀಗಾಗಿ ಎಲ್‌ಇಡಿಯಲ್ಲಿ ಮಂಕಾಗುವ ಮುನ್ಸೂಚನೆಯೇ ಇಲ್ಲದೆ ಒಂದು ದಿನ ಕನೆಕ್ಟರ್ ಕರಗುವುದು ಅಥವಾ ದೀಪ ಇದ್ದಕ್ಕಿದ್ದಂತೆ ಮಿಣುಕಿ ಆರುವುದು ಕಾಣುತ್ತದೆ. ಬೆಳಕು ಚೆನ್ನಾಗಿದೆ ಎಂಬ ಕಾರಣಕ್ಕೆ ಎಲ್‌ಇಡಿ ಜೋಡಣೆಯ ವೋಲ್ಟೇಜ್ ನಷ್ಟವನ್ನು ಅಳೆಯದೆ ಬಿಡಬಾರದು ಎನ್ನುವುದು ಇದಕ್ಕಾಗಿಯೇ.

ಹೈ ಬೀಮ್ ಹಾಕಿದಾಗ ಆರುತ್ತದೆ, ಡಿಮ್ ಮಾಡಿದಾಗ ಹತ್ತುತ್ತದೆ

ದೂರಕ್ಕೆ ಬೆಳಕು ಚೆಲ್ಲುವ ದೀಪಗಳು ಹೈ ಬೀಮ್ ಜೊತೆಗೆ ಮಾತ್ರ ಹತ್ತಬೇಕು, ಎದುರು ವಾಹನ ಬಂದು ಡಿಮ್ ಮಾಡಿದಾಗ ತಾವಾಗಿ ಆರಬೇಕು. ಇದಕ್ಕಾಗಿ ಹೆಡ್‌ಲೈಟಿನ ಹೈ ಬೀಮ್ ವೈರಿನಿಂದ ರಿಲೇಗೆ ಆಜ್ಞೆ ತೆಗೆದುಕೊಳ್ಳುವುದು ವಾಡಿಕೆ. ಕೆಲವು ವಾಹನಗಳಲ್ಲಿ, ವಿಶೇಷವಾಗಿ ಜಪಾನಿ ಮೂಲದ ಕೆಲವು ಹಳೆಯ ಮಾದರಿಗಳಲ್ಲಿ, ಹೀಗೆ ಮಾಡಿದಾಗ ಎಲ್ಲವೂ ತಿರುಗುಮುರುಗಾಗುತ್ತದೆ. ರಿಲೇ ಬದಲಿಸಿದರೂ ಸ್ವಿಚ್ ಬದಲಿಸಿದರೂ ಸರಿಹೋಗುವುದಿಲ್ಲ, ಏಕೆಂದರೆ ಯಾವ ಭಾಗವೂ ಕೆಟ್ಟಿಲ್ಲ.

ಕಾರಣ ಹೆಡ್‌ಲೈಟಿನ ಸ್ವಿಚ್ ಕೂತಿರುವ ಜಾಗದಲ್ಲಿದೆ. ಹೈ, ಡಿಮ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬ್‌ಗೆ ಮೂರು ಕಾಲುಗಳು: ಒಂದು ಹೈ, ಒಂದು ಡಿಮ್, ಒಂದು ಎರಡಕ್ಕೂ ಸಾಮಾನ್ಯ. ಹೆಚ್ಚಿನ ವಾಹನಗಳಲ್ಲಿ ಸಾಮಾನ್ಯ ಕಾಲು ಅರ್ತ್ ಆಗಿದ್ದು ಸ್ವಿಚ್ 12 ವೋಲ್ಟ್ ಅನ್ನು ಹೈ ಅಥವಾ ಡಿಮ್ ಕಾಲಿಗೆ ಕಳುಹಿಸುತ್ತದೆ. ಇನ್ನು ಕೆಲವದರಲ್ಲಿ ಸಾಮಾನ್ಯ ಕಾಲಿಗೇ 12 ವೋಲ್ಟ್ ಬರುತ್ತದೆ, ಸ್ವಿಚ್ ಹೈ ಅಥವಾ ಡಿಮ್ ಕಾಲನ್ನು ಅರ್ತ್‌ಗೆ ಸೇರಿಸುತ್ತದೆ. ಈ ಎರಡನೆಯ ಬಗೆಯಲ್ಲಿ ಡಿಮ್ ಹಾಕಿದಾಗ ಹೈ ಬೀಮ್ ವೈರು ಎಲ್ಲಿಗೂ ಸೇರದೆ ತೂಗಾಡುತ್ತಿರುತ್ತದೆ, ಬಲ್ಬ್‌ನ ಹೈ ಫಿಲಮೆಂಟ್ ಮೂಲಕ ಅದರ ಮೇಲೆ 12 ವೋಲ್ಟ್ ಕಾಣಿಸಿಕೊಳ್ಳುತ್ತದೆ. ರಿಲೇಯ ಸುರುಳಿಗೆ ಬೇಕಾದ 0.25 ಆಂಪಿಯರ್‌ಗೂ ಕಡಿಮೆ ವಿದ್ಯುತ್ತನ್ನು ಆ ಫಿಲಮೆಂಟ್ ಧಾರಾಳವಾಗಿ ಹರಿಯಬಿಡುತ್ತದೆ. ರಿಲೇ ಎಳೆಯುತ್ತದೆ, ದೀಪ ಹತ್ತುತ್ತದೆ. ಹೈ ಹಾಕಿದ ಕೂಡಲೇ ಅದೇ ವೈರು ಅರ್ತ್‌ಗೆ ಸೇರಿ ಅದರ ವೋಲ್ಟೇಜ್ ಸೊನ್ನೆಯಾಗುತ್ತದೆ, ರಿಲೇ ಬಿಡುತ್ತದೆ.

ಪರೀಕ್ಷೆಗೆ ಹೆಡ್‌ಲೈಟ್ ಹೈ ಬೀಮ್‌ನಲ್ಲಿಟ್ಟು ಹೈ ಕಾಲನ್ನೂ ಸಾಮಾನ್ಯ ಕಾಲನ್ನೂ ಚಾಸಿಯೊಂದಿಗೆ ಅಳೆಯಬೇಕು. ಬಲ್ಬ್ ಉರಿಯುತ್ತಿದ್ದೂ ಹೈ ಕಾಲಿನಲ್ಲಿ ಸೊನ್ನೆಗೆ ಹತ್ತಿರ, ಸಾಮಾನ್ಯ ಕಾಲಿನಲ್ಲಿ 12ಕ್ಕಿಂತ ಹೆಚ್ಚು ಕಂಡರೆ ಅದು ಅರ್ತ್ ಬದಿಯಲ್ಲಿ ಸ್ವಿಚ್ ಆಗುವ ವಾಹನ. ಪರಿಹಾರವೂ ಅಷ್ಟೇ ನೇರ: 86ನೇ ಕಾಲಿಗೆ ಇಗ್ನಿಷನ್‌ನಿಂದ ಬರುವ, ಸಣ್ಣ ಫ್ಯೂಸ್ ಇರುವ ಧನ ವೈರನ್ನು ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕ ಕೊಟ್ಟು, 85ನೇ ಕಾಲನ್ನು ಚಾಸಿಗೆ ಕಟ್ಟದೆ ಹೈ ಬೀಮ್ ವೈರಿಗೆ ಕಟ್ಟಬೇಕು. ಹೈ ಹಾಕಿದಾಗ ಮಾತ್ರ 85 ಅರ್ತ್ ಆಗಿ ರಿಲೇ ಕೆಲಸ ಮಾಡುತ್ತದೆ. ಒಳಗೆ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಬಳಸುವವರು 86 ಧನ, 85 ಋಣ ಎಂಬುದನ್ನು ಕಡ್ಡಾಯವಾಗಿ ಪಾಲಿಸಬೇಕು. ಅದಲುಬದಲಾದರೆ ಡಯೋಡ್ ನೇರ ದಾರಿಯಾಗಿ ಫ್ಯೂಸ್ ಸುಡುತ್ತದೆ ಅಥವಾ ಡಯೋಡೇ ಸಿಡಿಯುತ್ತದೆ.

ಕಾರ್ಖಾನೆಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿರುವ ಹೊಸ ವಾಹನಗಳಲ್ಲಿ ಹೆಡ್‌ಲೈಟ್ ವೈರಿಗೆ ಕೈ ಹಾಕದಿರುವುದು ಉತ್ತಮ. ಅಲ್ಲಿ ಬೆಳಕನ್ನು ನಿಯಂತ್ರಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಕಂಪ್ಯೂಟರ್. ಅದು ಕಳುಹಿಸುವ ವಿದ್ಯುತ್ ಒಂದೇ ಸಮನಿರದೆ ಸೆಕೆಂಡಿಗೆ ನೂರಾರು ಬಾರಿ ಬಂದು ಹೋಗುವ ತುಣುಕುಗಳಾಗಿರಬಹುದು, ಹೆಚ್ಚುವರಿ ಹೊರೆ ಕಂಡರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಚಿಹ್ನೆ ಹತ್ತಬಹುದು.

ರಿಲೇ ಕಟಕಟ ಸದ್ದು ಮಾಡುತ್ತ ದೀಪ ಮಿಣುಕುತ್ತದೆ

ರಿಲೇ ಬಿಡದೆ ಬಡಿದುಕೊಳ್ಳುತ್ತಿದ್ದರೆ ಸುರುಳಿಗೆ ಸಿಗುವ ವೋಲ್ಟೇಜ್ ಅಂಚಿನಲ್ಲಿದೆ ಎಂದರ್ಥ. ಮೇಲೆ ಹೇಳಿದ ತುಣುಕು ವಿದ್ಯುತ್ತಿನಿಂದ ಆಜ್ಞೆ ತೆಗೆದುಕೊಂಡಿರುವುದು ಒಂದು ಕಾರಣ. ಇನ್ನೊಂದು, ರಿಲೇಯ 85ನೇ ಕಾಲನ್ನೂ ದೀಪಗಳ ಋಣ ವೈರನ್ನೂ ಒಂದೇ ತುಕ್ಕು ಹಿಡಿದ ಬೋಲ್ಟಿಗೆ ಕಟ್ಟಿರುವುದು: ದೀಪ ಹತ್ತಿದ ಕೂಡಲೇ ಆ ಬೋಲ್ಟಿನ ವೋಲ್ಟೇಜ್ ಮೇಲೇರಿ ಸುರುಳಿಯ ಪಾಲು ಕುಗ್ಗುತ್ತದೆ, ರಿಲೇ ಬಿಡುತ್ತದೆ, ದೀಪ ಆರುತ್ತದೆ, ಬೋಲ್ಟ್ ಮತ್ತೆ ಸೊನ್ನೆಗೆ ಬಂದು ರಿಲೇ ಮತ್ತೆ ಎಳೆಯುತ್ತದೆ. 85ಕ್ಕೆ ಬೇರೆ ಅರ್ತ್ ಕೊಟ್ಟು ನೋಡಿದರೆ ಕ್ಷಣದಲ್ಲಿ ತಿಳಿಯುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸದೆ ಹಳೆಯ ಬೋಲ್ಟನ್ನೂ ಸರಿಪಡಿಸಬೇಕು.

ರಿಲೇ ಸ್ಥಿರವಾಗಿದ್ದು ದೀಪ ಮಾತ್ರ ಗುಂಡಿಗಳಲ್ಲಿ ಮಿಣುಕುತ್ತಿದ್ದರೆ ಅದು ಸಡಿಲ ಜೋಡಣೆ. ದೀಪ ಹಾಕಿಟ್ಟು, ಬಂಪರ್ ಕಡೆಯಿಂದ ಆರಂಭಿಸಿ ಹಾರ್ನೆಸ್ಸನ್ನು (ವೈರುಗಳ ಕಟ್ಟನ್ನು) ಗೇಣುಗೇಣಾಗಿ ಮೆಲ್ಲಗೆ ಅಲುಗಾಡಿಸುತ್ತ ಬರಬೇಕು. ಮೊದಲು ಅನುಮಾನಿಸಬೇಕಾದದ್ದು ವೈರನ್ನು ಕತ್ತರಿಸದೆ ಮೇಲಿನಿಂದ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು. ಅವು ಕೆಲವು ಎಳೆಗಳನ್ನು ಕಡಿದು, ನೀರಿಗೆ ದಾರಿ ಮಾಡಿಕೊಟ್ಟು, ಕೆಲವೇ ತಿಂಗಳಲ್ಲಿ ಒಳಗೆ ಹಸಿರು ಪುಡಿ ಮಾಡುತ್ತವೆ. ಎರಡನೆಯದು, ಬೆಸುಗೆ ಹಾಕಿದ ಜಾಗ. ಬೆಸುಗೆ ಹೀರಿಕೊಂಡ ಭಾಗ ಸೆಟೆದುಕೊಳ್ಳುವುದರಿಂದ ತೋಟದ ಕಲ್ಲುದಾರಿಯ ಅದುರಾಟಕ್ಕೆ ವೈರು ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ತೋಳು ಹಾಕಿದ ಜೋಡಣೆಯೇ ಇಲ್ಲಿ ಬಾಳುತ್ತದೆ. ಬರಿಯ ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆಯನ್ನು ಮಳೆಗಾಲಕ್ಕೆ ಮೊದಲೇ ಬಿಚ್ಚಿ ಮಾಡಿಸಿ.

ಫ್ಯೂಸ್ ಪದೇ ಪದೇ ಸುಡುತ್ತದೆ

ದೊಡ್ಡ ಫ್ಯೂಸ್ ಹಾಕಿ ನೋಡುವುದು ಪರೀಕ್ಷೆಯಲ್ಲ, ವೈರನ್ನೇ ಫ್ಯೂಸ್ ಮಾಡುವ ಅಪಾಯ. ಸುಟ್ಟ ಫ್ಯೂಸಿನ ಜಾಗಕ್ಕೆ 21 ವ್ಯಾಟ್‌ನ ಟೆಸ್ಟ್ ಲ್ಯಾಂಪ್ ಸೇರಿಸಿ, ದೀಪಗಳ ಕನೆಕ್ಟರ್ ಬಿಚ್ಚಿ ಸ್ವಿಚ್ ಹಾಕಿ. ಟೆಸ್ಟ್ ಲ್ಯಾಂಪ್ ಪೂರ್ತಿ ಉರಿದರೆ ವೈರು ಎಲ್ಲೋ ಚಾಸಿಗೆ ತಗುಲಿದೆ. ವಿದ್ಯುತ್ ಬಲ್ಬ್‌ನ ಮಿತಿಯನ್ನು ಮೀರದ ಕಾರಣ ನಿಶ್ಚಿಂತೆಯಿಂದ ಹುಡುಕಬಹುದು. ರಿಲೇ ಕಿತ್ತಾಗಲೂ ಉರಿಯುತ್ತಿದ್ದರೆ ದೋಷ ಫ್ಯೂಸಿನಿಂದ ರಿಲೇವರೆಗಿನ ಭಾಗದಲ್ಲಿ, ಆರಿದರೆ ರಿಲೇಯಿಂದ ಮುಂದೆ. ಹಾರ್ನೆಸ್ ಅಲುಗಾಡಿಸುತ್ತ ಹೋದಂತೆ ಯಾವ ಜಾಗದಲ್ಲಿ ಲ್ಯಾಂಪ್ ಆರುತ್ತದೆಯೋ ಅಲ್ಲಿ ವೈರಿನ ಸಿಪ್ಪೆ ಸವೆದಿದೆ: ರೇಡಿಯೇಟರ್ ಚೌಕಟ್ಟಿನ ತಗಡಿನ ಅಂಚು, ರೂಫ್ ಕ್ಯಾರಿಯರ್‌ಗೆ ಹೋಗುವ ವೈರು ಬಾನೆಟ್ ಕೀಲಿನ ಬಳಿ ಮಡಚುವ ಜಾಗ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಮೀಪ, ಇವು ಮೊದಲು ನೋಡಬೇಕಾದವು. ವಾಹನ ಶೆಡ್ಡಿನಲ್ಲಿ ಬಹಳ ದಿನ ನಿಂತಿದ್ದರೆ ಇಲಿ ಕಡಿದಿರುವುದನ್ನೂ ಮರೆಯಬಾರದು.

ಟೆಸ್ಟ್ ಲ್ಯಾಂಪ್ ಉರಿಯದಿದ್ದರೆ ಒಂದೊಂದೇ ದೀಪ ಜೋಡಿಸಿ ಯಾವುದರಲ್ಲಿ ಒಳಗೆ ನೀರು ಹೊಕ್ಕಿದೆ ಎಂದು ಪತ್ತೆಮಾಡಬೇಕು. ಫ್ಯೂಸ್ ಹತ್ತಾರು ನಿಮಿಷ ತಡೆದು ಆಮೇಲೆ ಸುಡುತ್ತಿದ್ದರೆ ಅದು ಶಾರ್ಟ್ ಅಲ್ಲ. ಲೆಕ್ಕ ತಪ್ಪಿದೆ, ಅಥವಾ ಹೋಲ್ಡರ್‌ನ ಸಡಿಲ ಹಿಡಿತ ಫ್ಯೂಸನ್ನು ಹೊರಗಿನಿಂದ ಕಾಯಿಸುತ್ತಿದೆ. 9 ಆಂಪಿಯರ್ ಹೊರೆಗೆ ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್ ಸರಿ. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಸದಾ ಅಂಚಿನಲ್ಲಿರುತ್ತದೆ.

ಆರಿಸಿದ ಮೇಲೂ ಮಿಣಿಮಿಣಿ, ರೇಡಿಯೋದಲ್ಲಿ ಗೊರಗೊರ

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ನಸುವಾಗಿ ಹೊಳೆಯುತ್ತಿದ್ದರೆ ರಿಲೇ ಇಲ್ಲದೆ ನೇರವಾಗಿ ಬೆಳಕಿರುವ ಸ್ವಿಚ್ಚಿನಿಂದ ದೀಪ ನಡೆಸುತ್ತಿರಬಹುದು. ಸ್ವಿಚ್ಚಿನ ಸೂಚಕ ದೀಪದ ಮೂಲಕ ಸೋರುವ ಅಲ್ಪ ವಿದ್ಯುತ್ತೇ ಎಲ್‌ಇಡಿಗೆ ಸಾಕಾಗುತ್ತದೆ. ನಡುವೆ ರಿಲೇ ಹಾಕಿದರೆ ತೀರಿತು. ದೀಪ ಹಾಕಿದ ಕೂಡಲೇ ಹಾಸನ ಆಕಾಶವಾಣಿ ಗೊರಗೊರ ಎನ್ನತೊಡಗಿದರೆ ಎಲ್‌ಇಡಿ ಡ್ರೈವರ್‌ನ ಗದ್ದಲ ಆಂಟೆನಾಗೆ ತಲುಪುತ್ತಿದೆ. ಒಂದೊಂದೇ ದೀಪ ಬಿಚ್ಚಿ ಯಾವುದೆಂದು ಗುರುತಿಸಿ, ಅದರ ಧನ ಋಣ ವೈರುಗಳನ್ನು ಒಟ್ಟಿಗೆ ಹೊಸೆದು, ದೀಪದ ಹತ್ತಿರವೇ ಫೆರೈಟ್ ಉಂಗುರ ತೊಡಿಸಿ, ಆಂಟೆನಾ ಕೇಬಲ್‌ನಿಂದ ದೂರ ಸರಿಸಬೇಕು. ಅಷ್ಟಾದರೂ ಹೋಗದಿದ್ದರೆ ಆ ದೀಪದ ಡ್ರೈವರ್ ಕಳಪೆ, ಬದಲಿಸುವುದೊಂದೇ ದಾರಿ.

ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ

ರಿಲೇಗೆ ಆಜ್ಞೆಯನ್ನು ಇಗ್ನಿಷನ್‌ನಿಂದಲ್ಲದೆ ಸದಾ ಜೀವಂತವಿರುವ ವೈರಿನಿಂದ ಕೊಟ್ಟಿದ್ದರೆ, ದೀಪಗಳ ಕನೆಕ್ಟರ್ ಬಿಚ್ಚಿಟ್ಟು ಸ್ವಿಚ್ ಮರೆತ ರಿಲೇಯೊಂದೇ ಸತತವಾಗಿ 0.15 ಆಂಪಿಯರ್ ಎಳೆಯುತ್ತದೆ: ದಿನಕ್ಕೆ 3.6 ಆಂಪಿಯರ್-ಗಂಟೆ, ವಾರಕ್ಕೆ 25. 60 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದು ದೊಡ್ಡ ಪಾಲು. ಪರೀಕ್ಷೆಗೆ ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು ಬ್ಯಾಟರಿಯ ಋಣ ತುದಿ ಮತ್ತು ಅದರ ಕೇಬಲ್ ನಡುವೆ ಸೇರಿಸಿ, ಬಾಗಿಲುಗಳನ್ನು ಮುಚ್ಚಿ ಅರ್ಧ ಗಂಟೆ ಕಾಯಬೇಕು, ಏಕೆಂದರೆ ವಾಹನದ ಮಾಡ್ಯೂಲ್‌ಗಳು ನಿದ್ದೆಗೆ ಹೋಗಲು ಸಮಯ ತೆಗೆದುಕೊಳ್ಳುತ್ತವೆ. ಆಮೇಲೂ 50 ಮಿಲಿಆಂಪಿಯರ್ ಮೀರಿದ್ದರೆ ಹೆಚ್ಚುವರಿ ದೀಪದ ಫ್ಯೂಸ್ ಕಿತ್ತು ಅಂಕಿ ಇಳಿಯುತ್ತದೆಯೇ ನೋಡಬೇಕು. ಮಲ್ಟಿಮೀಟರ್ ಹೀಗೆ ಸೇರಿರುವಾಗ ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬಾರದು.

ದೀಪದೊಳಗೆ ನೀರು

ಗಾಜಿನ ಒಳಗೆ ಬೆಳಗಿನ ಹೊತ್ತು ತೆಳುವಾದ ಮಂಜು ಕಟ್ಟಿ, ದೀಪ ಹಾಕಿದ ಅರ್ಧ ಗಂಟೆಯೊಳಗೆ ಮಾಯವಾದರೆ ಚಿಂತೆಯಿಲ್ಲ. ಹನಿಗಳು ತಳದಲ್ಲಿ ನಿಂತರೆ ಸೀಲ್ ಸೋತಿದೆ. ಹೀಗಾಗಲು ದೊಡ್ಡ ಕಾರಣ ಹಳ್ಳ ದಾಟುವ ರೀತಿ: ಒಂದು ಗಂಟೆ ಉರಿದು ಕಾದ ದೀಪ ತಣ್ಣನೆಯ ನೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು, ದೂಳು ತಡೆಯುವ ಶಕ್ತಿಯನ್ನು ಸೂಚಿಸುವ ಐಪಿ67 ಎಂಬ ಗುರುತು 1 ಮೀಟರ್ ಆಳದಲ್ಲಿ 30 ನಿಮಿಷದ ಪರೀಕ್ಷೆಯನ್ನು ಹೇಳುತ್ತದೆಯೇ ಹೊರತು ಹೀಗೆ ಕಾದು ತಣಿಯುವ ಪೆಟ್ಟನ್ನಲ್ಲ. ನೀರಿಗಿಳಿಯುವ ಕೆಲವು ನಿಮಿಷ ಮೊದಲೇ ದೀಪ ಆರಿಸಿ ತಣಿಯಲು ಬಿಡುವುದು ಒಳ್ಳೆಯದು. ದೀಪದ ಬೆನ್ನಿನಲ್ಲಿರುವ ಸಣ್ಣ ಉಸಿರುರಂಧ್ರವನ್ನು ನೀರು ಬರುತ್ತದೆಂಬ ಭಯದಿಂದ ಸಿಲಿಕಾನ್ ಮೆತ್ತಿ ಮುಚ್ಚುವವರಿದ್ದಾರೆ. ಒಳಗೆ ಕಾದ ಗಾಳಿಗೆ ಹೊರದಾರಿ ಇಲ್ಲದೆ ಸೀಲ್ ಬೇಗ ಹಾಳಾಗುತ್ತದೆ.

ಎಲ್ಲ ಸರಿಯಿದ್ದೂ ದಾರಿ ಕಾಣದಿದ್ದರೆ

ಅಳತೆಗಳೆಲ್ಲ ಸರಿಬಂದು, ದೀಪ ಪ್ರಖರವಾಗಿದ್ದು, ಚಾರ್ಮಾಡಿಯ ಮಂಜಿನಲ್ಲಿ ಮಾತ್ರ ಎದುರಿಗೆ ಬಿಳಿ ಗೋಡೆ ಎದ್ದಂತೆ ಕಂಡರೆ ಅದು ವಿದ್ಯುತ್ತಿನ ದೋಷವಲ್ಲ, ಹೆಚ್ಚು ವ್ಯಾಟ್ ಅದಕ್ಕೆ ಮದ್ದೂ ಅಲ್ಲ. ರೂಫ್ ಮೇಲಿನ ಲೈಟ್ ಬಾರ್ ಚಾಲಕನ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ಹನಿಗಳನ್ನು ಬೆಳಗಿಸಿ, ಆ ಬೆಳಕನ್ನೇ ಕಣ್ಣಿಗೆ ಮರಳಿಸುತ್ತದೆ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚದುರಿಸುತ್ತವೆ; ಹಳದಿ ಬೆಳಕು ಕೆಲವರ ಕಣ್ಣಿಗೆ ಹಿತವೆನಿಸಬಹುದು, ಮಂಜನ್ನು ತೂರಿ ಹೋಗುವುದಿಲ್ಲ. ಕೆಲಸ ಮಾಡುವುದು ದೀಪದ ಎತ್ತರ ಮತ್ತು ಬೆಳಕಿನ ಮೇಲಂಚು. ಬಂಪರ್‌ನಲ್ಲಿ ತಗ್ಗಾಗಿ ಕೂತ, ಅಗಲವಾಗಿ ಹರಡಿ ಮೇಲಂಚು ಚೂಪಾಗಿ ಕತ್ತರಿಸಿದಂತಿರುವ ಫಾಗ್ ಲ್ಯಾಂಪನ್ನು ಮಟ್ಟಸವಾದ ನೆಲದಲ್ಲಿ 10 ಮೀಟರ್ ದೂರದ ಗೋಡೆಗೆ ಹಿಡಿದು, ಮೇಲಂಚು ದೀಪದ ಮಧ್ಯದ ಎತ್ತರಕ್ಕಿಂತ ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸಬೇಕು. ಪ್ರಯಾಣಕ್ಕೆ ಹೇರುವ ಸಾಮಾನನ್ನೆಲ್ಲ ಹೇರಿಯೇ ಹೊಂದಿಸಬೇಕು, ಏಕೆಂದರೆ ಹಿಂಬದಿ ತಗ್ಗಿದಾಗ ಬೆಳಕು ಮೇಲೇಳುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 111ನೇ ನಿಯಮವು ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ವಾಹನದ ಮುಂಭಾಗದಲ್ಲಿ ಸ್ಪಾಟ್ ಲೈಟ್ ಅಥವಾ ಸರ್ಚ್ ಲೈಟ್ ಇರಿಸುವುದನ್ನು ತಡೆಯುತ್ತದೆ. ಆದ್ದರಿಂದ ದೀಪ ಹಾಕಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ತೋಟದ ಒಳದಾರಿಗೆಂದು ಇಟ್ಟ ದೂರದ ಬೆಳಕನ್ನು ಹೆದ್ದಾರಿಯಲ್ಲಿ, ಅದರಲ್ಲೂ ಶಿರಾಡಿಯ ಲಾರಿಗಳ ಸಾಲಿಗೆ ಎದುರಾಗಿ ಹಾಕಲೇಬಾರದು.

ದುರಸ್ತಿ ಮುಗಿದ ಮೇಲೆ ದೀಪಗಳನ್ನು 20 ನಿಮಿಷ ಉರಿಸಿ, ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಪ್ರತಿಯೊಂದು ಕನೆಕ್ಟರ್ ಮತ್ತು ಅರ್ತ್ ಬೋಲ್ಟನ್ನು ಕೈಯಿಂದ ಮುಟ್ಟಿ ನೋಡಬೇಕು. ರಿಲೇ ಬೆಚ್ಚಗಾಗುವುದು ಸರಿ. ಬೆರಳಿಡಲಾರದಷ್ಟು ಕಾದ ಜಾಗ ಯಾವುದೇ ಇದ್ದರೂ ಅಲ್ಲಿ ನಷ್ಟ ಇನ್ನೂ ಉಳಿದಿದೆ, ಆ ತುಂಡನ್ನು ಮತ್ತೆ ಅಳೆಯಬೇಕು. ಬ್ಯಾಟರಿಯಿಂದ ಪ್ರತಿ ದೀಪದವರೆಗಿನ ವೋಲ್ಟೇಜ್ ನಷ್ಟವನ್ನೂ ವೈರಿಂಗ್‌ನ ಚಿಕ್ಕ ನಕ್ಷೆಯನ್ನೂ ಒಂದು ಕಾಗದದಲ್ಲಿ ಬರೆದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ, ಮೇ ತಿಂಗಳ ಕೊನೆಗೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲೊಮ್ಮೆ ಅದೇ ಅಳತೆಗಳನ್ನು ತೆಗೆದು ಹೋಲಿಸಿದರೆ, ಯಾವ ಜೋಡಣೆ ಕೆಡುತ್ತಿದೆ ಎಂಬುದು ದೀಪ ಮಂಕಾಗುವ ಮೊದಲೇ ಅಂಕಿಯಲ್ಲಿ ಕಾಣುತ್ತದೆ.